ಮರೆವಿನ ಕಾಯಿಲೆಯನ್ನು ಫೋನಿನಲ್ಲಿ ಕಲಿಸುವಾಗ

ಬೀದರ ಜಿಲ್ಲೆಯಲ್ಲಿ ಡಿಮೆನ್ಶಿಯಾ ಆರೈಕೆಯ ಬಗ್ಗೆ ಆನ್‌ಲೈನ್ ತರಗತಿ ನಡೆಸುವ ಶುಶ್ರೂಷಕಿ ನಾನು. ಬೀದರ ಶಹರ, ಭಾಲ್ಕಿ, ಔರಾದ ಮತ್ತು ಗಡಿಯಂಚಿನ ಡಾಬಕಾ ಕಡೆಯ ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗಳು ನನ್ನ ತರಗತಿಗೆ ಬರುತ್ತಾರೆ. ಜೊತೆಗೆ ಮನೆಯಲ್ಲಿ ಅತ್ತೆಯನ್ನೋ ಮಾವನನ್ನೋ ಹೆತ್ತ ತಾಯಿಯನ್ನೋ ನೋಡಿಕೊಳ್ಳುವ ಹೆಣ್ಣುಮಕ್ಕಳು. ಗಂಡಸರು ಬೆರಳೆಣಿಕೆಯಷ್ಟು.

2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಎಂಬ ದೇಶವ್ಯಾಪಿ ಅಧ್ಯಯನದ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಓದಿದವರಿಗಿಂತ ಶಾಲೆಯ ಮುಖ ಕಾಣದವರಲ್ಲಿ ಹೆಚ್ಚು. ಒಬ್ಬ ಆಶಾ ಕಾರ್ಯಕರ್ತೆಯ ಪಾಲಿಗೆ ಸುಮಾರು ಸಾವಿರ ಜನ ಬರುತ್ತಾರೆ. ಅದರಲ್ಲಿ ನೂರು ಮಂದಿ ಹಿರಿಯರೆಂದುಕೊಂಡರೆ ಏಳೆಂಟು ಮನೆಗಳಲ್ಲಾದರೂ ಈ ಕಾಯಿಲೆ ಇರಬೇಕು. ಆದರೆ ಮೊದಲ ದಿನ ‘ನಿಮ್ಮ ಕಡೆ ಎಷ್ಟು ಜನ ಇದ್ದಾರೆ?’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: ‘ಯಾರೂ ಇಲ್ರಿ ಮೇಡಂ. ವಯಸ್ಸಾದ್ ಮ್ಯಾಲ ಅರಳು ಮರಳು ಎಲ್ಲಾರಿಗೂ ಇರ್ತದ.’ ಕೋರ್ಸ್ ಮುಗಿಯುವ ಹೊತ್ತಿಗೆ ಅದೇ ಬಾಯಿಂದ ನಾಲ್ಕಾರು ಮನೆಗಳ ಮಾತು ಬರುತ್ತದೆ. ಇನ್ನೊಂದು ಜಿಲ್ಲೆಯಲ್ಲಿ ಇಂಥ ತರಗತಿ ಶುರು ಮಾಡುವವರಿಗೆ ಉಪಯೋಗವಾದೀತೆಂದು ಕಲಿತದ್ದನ್ನು ಬರೆದಿಡುತ್ತಿದ್ದೇನೆ.

1. ಮಿದುಳಿನ ಚಿತ್ರ ಆಮೇಲೆ, ಸಂಜೆಯ ಗಲಾಟೆ ಮೊದಲು

ಸಿಗುವ ಪಾಠಗಳಲ್ಲಿ ಬಹಳಷ್ಟು ಮಿದುಳಿನ ಚಿತ್ರದಿಂದ ಶುರುವಾಗುತ್ತವೆ. ಟಾಸ್ಮೇನಿಯಾ ವಿಶ್ವವಿದ್ಯಾಲಯದ ವಿಕಿಂಗ್ ಕೇಂದ್ರ 2013ರಿಂದ ಉಚಿತವಾಗಿ ನಡೆಸುತ್ತಿರುವ ಡಿಮೆನ್ಶಿಯಾ ಕೋರ್ಸ್ ನಿಜಕ್ಕೂ ಒಳ್ಳೆಯದು. ಇಂಗ್ಲಿಷ್ ಬಲ್ಲ ನರ್ಸುಗಳಿಗೆ ಅದನ್ನು ಮಾಡಿ ಎಂದು ಹೇಳುತ್ತಲೇ ಇರುತ್ತೇನೆ. ಆದರೆ ಡಾಬಕಾ ಕಡೆಯ ಒಬ್ಬ ಸೊಸೆಗೆ ತುರ್ತಾಗಿ ಬೇಕಿರುವುದು ಬೇರೆ.

ದನಗಳು ಮೇಯ್ದು ಮನೆಗೆ ಮರಳುವ ಹೊತ್ತು. ಮಾವ ಎದ್ದು ನಿಂತು ‘ಹೊಲಕ್ಕ ಹೋಗ್ಬೇಕು, ಎತ್ತು ಅಲ್ಲೇ ಅವ’ ಎನ್ನುತ್ತಾರೆ. ಎತ್ತು ಮಾರಿ ಎಷ್ಟೋ ವರ್ಷವಾಗಿದೆ. ಮಗ ‘ಎಲ್ಲಿ ಎತ್ತು? ಮಾರೀವಲ್ಲ’ ಎಂದು ಗದರುತ್ತಾನೆ. ಮಾವ ಕೋಲು ಎತ್ತುತ್ತಾರೆ. ದಿನವೂ ಇದೇ. ಹೊಸ ಸಂಗತಿ ಮನಸ್ಸಿನಲ್ಲಿ ನಿಲ್ಲದ ಮನುಷ್ಯನಿಗೆ ಎತ್ತು ಮಾರಿದ ಸುದ್ದಿ ಪ್ರತಿ ಸಂಜೆಯೂ ಹೊಸದು. ಪ್ರತಿ ಸಂಜೆಯೂ ಎತ್ತು ಕಳೆದುಕೊಂಡ ಸಂಕಟ ಆತನಿಗೆ ಮೊದಲ ಸಲ ಆಗುತ್ತದೆ. ಅದಕ್ಕೆ ದಣಿವು, ಕಡಿಮೆಯಾಗುವ ಬೆಳಕು, ಪೊರೆ ಬಂದ ಕಣ್ಣು ಸೇರಿಕೊಳ್ಳುತ್ತವೆ.

ಹಾಗಾಗಿ ಮೊದಲ ತರಗತಿಯಲ್ಲೇ ಹೇಳುತ್ತೇನೆ: ಮಾರಿದ್ದನ್ನು ನೆನಪಿಸಬೇಡಿ. ‘ಯಾವ ಎತ್ತು ಮುತ್ಯಾ? ದೇವಣಿ ಜೋಡಿಯೇನು?’ ಎಂದು ಕೇಳಿ. ದೇವಣಿ ತಳಿ ನಮ್ಮ ಗಡಿನಾಡಿನದೇ, ಅದರ ಬಗ್ಗೆ ಹೇಳಲು ಆತನಿಗೆ ಬಹಳ ಇರುತ್ತದೆ. ಕೈ ಹಿಡಿದು ಕೊಟ್ಟಿಗೆಯವರೆಗೆ ಕರೆದೊಯ್ಯಿರಿ. ಇರುವ ಎಮ್ಮೆಗೆ ಒಂದು ಹಿಡಿ ಕಣಿಕಿ ಅವರ ಕೈಯಿಂದಲೇ ಹಾಕಿಸಿ. ಕತ್ತಲಾಗುವ ಮೊದಲೇ ದೀಪ ಹಚ್ಚಿ, ಚಹಾ ಕೊಡಿ. ಮಧ್ಯಾಹ್ನದ ನಿದ್ದೆ ಉದ್ದವಾಗದಂತೆ ನೋಡಿಕೊಳ್ಳಿ. ಮನೆಯ ಸುತ್ತ ತೆರೆದ ಬಾವಿ ಇದ್ದರೆ ಈ ವಾರವೇ ಮುಚ್ಚಿಸಿ. ಇಷ್ಟು ಮಾಡಿ ಒಂದು ಸಂಜೆ ಸಮಾಧಾನವಾಗಿ ಕಳೆದ ಮೇಲೆ ‘ಹಿಂಗ್ಯಾಕ ಆಗ್ತದ ಮೇಡಂ?’ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ಮಿದುಳಿನ ಚಿತ್ರವನ್ನು ನಾನು ತೋರಿಸುವುದು ಆಗ.

2. ಸೊಸೆಯ ಮಾನ

ಈ ಕಾಯಿಲೆ ಹೊಕ್ಕ ಮನೆಯಲ್ಲಿ ಮೊದಲು ಕೆಡುವುದು ಸೊಸೆಯ ಹೆಸರು. ಅತ್ತೆ ಬೆಳಿಗ್ಗೆ ಜೋಳದ ರೊಟ್ಟಿ, ಪುಂಡಿ ಪಲ್ಯ ಉಂಡಿರುತ್ತಾರೆ. ಅರ್ಧ ಗಂಟೆಯಲ್ಲಿ ಅದು ಅಳಿಸಿಹೋಗಿರುತ್ತದೆ. ಕಟ್ಟೆಯ ಮೇಲೆ ಕೂತು ಹೋಗುವ ಬರುವವರಿಗೆಲ್ಲ ‘ನಿನ್ನಿಂದ ಉಂಡಿಲ್ಲವ್ವ, ಸೊಸಿ ಹಾಕಂಗಿಲ್ಲ’ ಎನ್ನುತ್ತಾರೆ. ಓಣಿಯವರು ಕರೆದು ಉಣಿಸುತ್ತಾರೆ. ಸುದ್ದಿ ಸೊಸೆಯ ತವರಿನವರೆಗೆ ಹೋಗುತ್ತದೆ. ಕೆಲ ದಿನಗಳಲ್ಲಿ ಬೋರಮಾಳ ಕಾಣೆಯಾಗುತ್ತದೆ. ಅತ್ತೆಯೇ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಜೋಳದ ಚೀಲದೊಳಗೆ ಹುದುಗಿಸಿ ಮರೆತಿರುತ್ತಾರೆ. ಕದ್ದವಳು ಮತ್ತೆ ಸೊಸೆಯೇ. ಗಂಡ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುತ್ತಿದ್ದರೆ ಆಕೆಯ ಪರ ಮಾತಾಡುವವರು ಯಾರೂ ಇರುವುದಿಲ್ಲ.

ಇದು ಅತ್ತೆಯ ಕೇಡಿಗತನವಲ್ಲ. ನೆನಪಿನಲ್ಲಿ ಬಿದ್ದ ಖಾಲಿ ಜಾಗವನ್ನು ಮನಸ್ಸು ಕೈಗೆ ಸಿಕ್ಕ ಕಾರಣದಿಂದ ತುಂಬಿಕೊಳ್ಳುತ್ತದೆ, ಹತ್ತಿರ ಇರುವವಳೇ ಸುಲಭದ ಕಾರಣವಾಗುತ್ತಾಳೆ. ಈ ಒಂದು ಮಾತನ್ನು ಸೊಸೆಗೆ ತಿಳಿಸಿ ಹೇಳಿದಾಗ ಎಷ್ಟೋ ಜನ ಫೋನಿನ ಆ ಬದಿಯಲ್ಲಿ ಅತ್ತಿದ್ದಾರೆ. ವರ್ಷಗಟ್ಟಲೆ ಅವರು ಅದನ್ನು ತಮ್ಮ ಮೇಲಿನ ಹಗೆ ಎಂದೇ ತಿಳಿದಿದ್ದರು.

ತಿಳಿವಳಿಕೆಯ ಜೊತೆಗೆ ಉಪಾಯವೂ ಬೇಕು. ಒಂದೇ ಸಲಕ್ಕೆ ತುಂಬಾ ಬಡಿಸದೆ ಸ್ವಲ್ಪ ಸ್ವಲ್ಪ, ಹಲವು ಸಲ ಕೊಡಿ. ಉಂಡ ತಾಟನ್ನು ತಕ್ಷಣ ತೊಳೆಯಬೇಡಿ. ‘ಈಗ ಉಂಡ್ರಲ್ಲ’ ಎನ್ನುವ ಬದಲು ‘ರೊಟ್ಟಿ ಬಡಿಲಿಕತ್ತೀನಿ ಅತ್ತಿ, ಅಲ್ಲಿ ತನಕ ಇದು ತಿನ್ರಿ’ ಎಂದು ಒಂದು ಹಿಡಿ ಚುರುಮುರಿ ಕೊಡಿ. ಒಡವೆ ಕಾಣದಿದ್ದರೆ ‘ನಾ ತಗೊಂಡಿಲ್ಲ’ ಎಂದು ವಾದಿಸದೆ ಜೊತೆಗೆ ಕೂತು ಹುಡುಕಿ. ಒಬ್ಬೊಬ್ಬರಿಗೆ ಬಚ್ಚಿಡುವ ನಾಲ್ಕೈದು ಜಾಗಗಳು ಇರುತ್ತವೆ, ಅವನ್ನು ಗುರುತಿಟ್ಟುಕೊಳ್ಳಿ.

ಓಣಿಯ ಬಾಯಿ ಮುಚ್ಚಿಸುವುದು ಮಾತ್ರ ಸೊಸೆಯಿಂದ ಆಗದ ಕೆಲಸ. ಅದಕ್ಕೆ ಆಶಾ ಅಕ್ಕನೇ ಬೇಕು. ಮನೆಯವರ ಒಪ್ಪಿಗೆ ಪಡೆದು ಆಕೆ ಕಟ್ಟೆಯ ಮೇಲೆ ಕೂತು ‘ಆಯಿಗೆ ಮರೆವಿನ ಬ್ಯಾನಿ ಅದ, ಉಂಡಿದ್ದು ನೆನಪಿರಂಗಿಲ್ಲ’ ಎಂದರೆ ಜನ ನಂಬುತ್ತಾರೆ. ಇಡೀ ಕೋರ್ಸಿನಿಂದ ಊರಿಗೆ ಆಗುವ ದೊಡ್ಡ ಉಪಕಾರ ಇದೇ ಎಂದು ನನಗೆ ಅನ್ನಿಸುತ್ತದೆ.

ಹಾಗೆಂದು ಪ್ರತಿಯೊಂದು ದೂರನ್ನೂ ಕಾಯಿಲೆಯ ಲೆಕ್ಕಕ್ಕೆ ಹಾಕುವಂತಿಲ್ಲ. ತೂಕ ಇಳಿಯುತ್ತಿದೆಯೇ, ಮೈಮೇಲೆ ಬಾಸುಂಡೆ ಇದೆಯೇ, ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ಆಶಾ ನೋಡಲೇಬೇಕು. ನಿಜವಾಗಿಯೂ ಉಪವಾಸ ಕೆಡವುವ ಮನೆಗಳೂ ಇವೆ. ಹಿರಿಯರ ಸಹಾಯವಾಣಿ 14567ನ್ನು ತರಗತಿಯಲ್ಲಿ ಎಲ್ಲರ ಫೋನಿನಲ್ಲೂ ಉಳಿಸಿಕೊಳ್ಳಲು ಹೇಳುವುದು ಇದಕ್ಕಾಗಿ.

3. ಕಾರ್ಯಕರ್ತೆ ಮತ್ತು ಸೊಸೆ ಒಂದೇ ತರಗತಿಯಲ್ಲಿ

ಸಾಮಾನ್ಯವಾಗಿ ಆರೋಗ್ಯ ಕಾರ್ಯಕರ್ತರಿಗೆ ಒಂದು ತರಬೇತಿ, ಮನೆಯವರಿಗೆ ಇನ್ನೊಂದು. ಮೊದಲನೆಯದರಲ್ಲಿ ರೋಗದ ಹೆಸರು ಮತ್ತು ಪ್ರಮಾಣಪತ್ರ, ಎರಡನೆಯದರಲ್ಲಿ ಸಾಂತ್ವನ. ಇಬ್ಬರನ್ನೂ ಒಟ್ಟಿಗೆ ಕೂರಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊಸದೇನಲ್ಲ ಇದು. ನಿಮ್ಹಾನ್ಸ್ ವೈದ್ಯರು 1970ರ ದಶಕದಲ್ಲಿ ಬೆಂಗಳೂರು ಬಳಿಯ ಸಕಲವಾರದಲ್ಲಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೇ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಿದರು. ಆ ಬಳ್ಳಾರಿ ಮಾದರಿಯನ್ನು ನೋಡಿಯೇ 1996ರಲ್ಲಿ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅಮೆರಿಕದ ನ್ಯೂಮೆಕ್ಸಿಕೊದಲ್ಲಿ ಯಕೃತ್ತಿನ ತಜ್ಞ ಸಂಜೀವ್ ಅರೋರಾ 2003ರಲ್ಲಿ ಶುರು ಮಾಡಿದ ‘ಎಕೊ’ ಪದ್ಧತಿಯಲ್ಲಿ ದೂರದ ಊರಿನ ವೈದ್ಯರು ತಮ್ಮ ರೋಗಿಯ ಸಂಗತಿಯನ್ನು ವಿಡಿಯೊದಲ್ಲಿ ಎಲ್ಲರೆದುರು ಇಡುತ್ತಾರೆ, ಎಲ್ಲರೂ ಅದರಿಂದ ಕಲಿಯುತ್ತಾರೆ. ನಿಮ್ಹಾನ್ಸ್ ತನ್ನ ಡಿಜಿಟಲ್ ತರಬೇತಿಗಳಲ್ಲಿ ಇದನ್ನು ಬಳಸಿಕೊಂಡಿದೆ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಆರಂಭಿಸಿದ ‘ಕಭಿ’, ಅಂದರೆ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್, ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಡಿಮೆನ್ಶಿಯಾ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಸಜ್ಜುಗೊಳಿಸುತ್ತಿದೆ.

ಈ ಸರಪಳಿಯಲ್ಲಿ ಕೊನೆಯ ಕೊಂಡಿ ಸೊಸೆ. ನನ್ನ ತರಗತಿಯಲ್ಲಿ ಒಬ್ಬ ಆಶಾ ಹೆಸರು, ಊರು ಹೇಳದೆ ಒಂದು ಮನೆಯ ಸಂಗತಿ ಇಡುತ್ತಾರೆ. ಆಮೇಲೆ ಮನೆಯಲ್ಲಿ ನೋಡಿಕೊಳ್ಳುವವರು ಮಾತಾಡುತ್ತಾರೆ. ಒಂದು ಸಲ ಆಶಾ ಒಬ್ಬರು ‘ಅವರು ಜಳಕಕ್ಕ ಒಲ್ಲೆ ಅಂತಾರ, ಹಟ ಮಾಡ್ತಾರ’ ಎಂದಾಗ ಔರಾದ ಕಡೆಯ ಒಬ್ಬ ತಾಯಿ ತಡೆದು ಹೇಳಿದರು: ‘ಹಟ ಅಲ್ರಿ ಅಕ್ಕಾ, ತಲಿ ಮ್ಯಾಲ ಒಮ್ಮೆಲೇ ನೀರು ಬಿದ್ರ ಅಂಜಿಕಿ ಬರ್ತದ. ಮೊದ್ಲ ಕಾಲಿಗಿ ಹಾಕಿ ನೋಡ್ರಿ.’ ಅಂಥ ಪಾಠವನ್ನು ಯಾವ ಸ್ಲೈಡಿನಲ್ಲೂ ನಾನು ಬರೆದಿರಲಿಲ್ಲ.

ಒಂದು ಎಚ್ಚರಿಕೆ. ಪಕ್ಕದಲ್ಲೇ ಅತ್ತೆ, ಗಂಡ, ನಾದಿನಿ ಇರುವಾಗ ಸೊಸೆ ಬಾಯಿಬಿಟ್ಟು ಹೇಳಲಾರಳು. ಕ್ಯಾಮೆರಾ ಆನ್ ಮಾಡಿ ಎಂದು ಯಾರನ್ನೂ ಒತ್ತಾಯಿಸಬೇಡಿ. ಹಿತ್ತಲಿನಿಂದ ಕಳಿಸುವ ಒಂದು ಧ್ವನಿ ಸಂದೇಶವನ್ನೂ ಹಾಜರಿ ಎಂದೇ ಎಣಿಸಿ.

4. ನಮೂನೆಯಲ್ಲಿ ಆಗಲೇ ಇರುವ ಪ್ರಶ್ನೆ

ಆಶಾ ಕಾರ್ಯಕರ್ತೆಯರ ಮೇಲೆ ಹೊಸ ಹೊರೆ ಬೇಡ ಎನ್ನುವವರು ಸರಿಯಾಗಿಯೇ ಹೇಳುತ್ತಾರೆ. ಆದರೆ 30 ದಾಟಿದವರಿಗಾಗಿ ಅವರು ಮನೆಮನೆಯಲ್ಲಿ ತುಂಬುವ ಸಿಬ್ಯಾಕ್ ನಮೂನೆಯಲ್ಲಿ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತೀರಾ ಎಂಬುದು ಅವುಗಳಲ್ಲಿ ಒಂದು. ಊಟ, ಬಟ್ಟೆ, ಸ್ನಾನ, ಶೌಚಕ್ಕೆ ಬೇರೆಯವರ ನೆರವು ಬೇಕೇ ಎಂಬುದು ಇನ್ನೊಂದು. ಈ ಪ್ರಶ್ನೆಗಳನ್ನು ಗಡಿಬಿಡಿಯಲ್ಲಿ ‘ಇಲ್ಲ’ ಎಂದು ಬರೆದು ಮುಂದೆ ಹೋಗುವುದೇ ಹೆಚ್ಚು, ಏಕೆಂದರೆ ‘ಹೌದು’ ಎಂದರೆ ಮುಂದೇನು ಎಂದು ಯಾರೂ ಕಲಿಸಿರುವುದಿಲ್ಲ.

ಆ ‘ಮುಂದೇನು’ ಎಂಬುದೇ ನನ್ನ ಒಂದು ಪೂರ್ತಿ ತರಗತಿ. ಹಿರಿಯರನ್ನಷ್ಟೇ ಅಲ್ಲ, ಮನೆಯವರನ್ನೂ ಬೇರೆಯಾಗಿ ಕೇಳಿ. ಹೆಸರು ಮರೆಯುವುದಕ್ಕಿಂತ ಕೆಲಸ ಮರೆಯುವುದು ಮುಖ್ಯ: ಐವತ್ತು ವರ್ಷ ರೊಟ್ಟಿ ಬಡಿದ ಕೈ ಈಗ ತಡವರಿಸುತ್ತದೆಯೇ? ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪುತ್ತದೆಯೇ? ಅಕ್ಷರ ಬಾರದ ಆಯಿಗೆ ತಾರೀಖು ಕೇಳಿ ಅಂಕ ಹಾಕಬೇಡಿ, ‘ಈಗ ತೊಗರಿ ಬಿತ್ತೋ ಕಾಲನೋ ಕೊಯ್ಯೋ ಕಾಲನೋ?’ ಎಂದು ಕೇಳಿ. ಬಳಿಕ ಕಿವಿ, ಕಣ್ಣು, ಬಿಪಿ, ಶುಗರ್ ನೋಡಿಸಿ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿದ್ದೂ ಇದನ್ನೇ: ಕಿವುಡು, ದೃಷ್ಟಿದೋಷ, ರಕ್ತದೊತ್ತಡ, ಮಧುಮೇಹ, ಕಡಿಮೆ ಶಿಕ್ಷಣ, ಒಂಟಿತನ ಮುಂತಾದ 14 ಕಾರಣಗಳನ್ನು ತಡೆದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಶೇ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ. ಅವುಗಳಲ್ಲಿ ಕೆಲವಕ್ಕಾದರೂ ಮದ್ದು ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲೇ ಸಿಗುತ್ತದೆ.

5. ದಿಢೀರ್ ಆದದ್ದು ಬೇರೆ

ಮರೆವಿನ ಕಾಯಿಲೆ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ನಿನ್ನೆ ಸರಿ ಇದ್ದವರು ಇಂದು ಗೊಂದಲಗೊಂಡು ಬಡಬಡಿಸಿದರೆ, ಅಥವಾ ಮಂಕಾಗಿ ಮಲಗಿಬಿಟ್ಟರೆ ಅದು ಡೆಲಿರಿಯಂ, ತುರ್ತು ಸ್ಥಿತಿ. ಮೂತ್ರದ ಸೋಂಕು, ನ್ಯುಮೋನಿಯಾ, ಬೀದರದ ಬೇಸಿಗೆಯಲ್ಲಿ ನೀರು ಸಾಲದಿರುವುದು, ಮಲಬದ್ಧತೆ, ಶುಗರ್ ಇಳಿಯುವುದು, ಹೊಸ ಮಾತ್ರೆ, ಬಿದ್ದು ತಲೆಗೆ ಪೆಟ್ಟಾಗಿರುವುದು ಇದಕ್ಕೆ ಕಾರಣವಿರಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಮೊದಲೇ ಡಿಮೆನ್ಶಿಯಾ ಇರುವವರಿಗೆ ಇದು ಇನ್ನೂ ಬೇಗ ಬರುತ್ತದೆ. ನಿಧಾನವಾಗಿ ಬಂದ ಮರೆವಿನಲ್ಲೂ ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಅಡಗಿರಬಹುದು, ಅವಕ್ಕೆ ಚಿಕಿತ್ಸೆ ಇದೆ. ಕೋರ್ಸಿನ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ ಎಂದು ಮೂರು ತರಗತಿಗಳಲ್ಲಿ ಮೂರು ಸಲ ಹೇಳುತ್ತೇನೆ.

6. ಹೊತ್ತು, ಸಿಗ್ನಲ್, ಧ್ವನಿ

ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಆರೈಕೆದಾರರಿಗಾಗಿಯೇ ಮಾಡಿದ ಆನ್‌ಲೈನ್ ಕಾರ್ಯಕ್ರಮ, ಐದು ಭಾಗಗಳಲ್ಲಿ 23 ಪಾಠಗಳು. ಅದನ್ನು ನಿಮ್ಹಾನ್ಸ್ ತಂಡ ಭಾರತದಲ್ಲಿ ಪರೀಕ್ಷಿಸಿದಾಗ ಬಹಳ ಜನ ನಡುವಲ್ಲೇ ಕೈಬಿಟ್ಟರು. ಉಳಿದವರಲ್ಲಿ ರೋಗಿಯನ್ನು ಮನುಷ್ಯರಾಗಿ ಕಾಣುವ ದೃಷ್ಟಿ ಸುಧಾರಿಸಿತು, ಆದರೆ ಹೊರೆ ಮತ್ತು ಖಿನ್ನತೆ ಗಮನಾರ್ಹವಾಗಿ ಇಳಿಯಲಿಲ್ಲ. ಪಾಠ ಕೆಟ್ಟದ್ದೆಂದಲ್ಲ. ರೋಗಿಯ ಜೊತೆ ದಿನವಿಡೀ ಇರುವವರಿಗೆ ಒಂಟಿಯಾಗಿ ಪರದೆಯ ಮುಂದೆ ಕೂತು 23 ಪಾಠ ಓದುವ ಬಿಡುವು ಎಲ್ಲಿಂದ ಬರಬೇಕು?

ನಮ್ಮ ಕಡೆ ಫೋನ್ ಹಲವು ಮನೆಗಳಲ್ಲಿ ಒಂದೇ, ಅದು ಮಗನ ಕೈಯಲ್ಲಿ. ಗಡಿಯಲ್ಲಿ ಸಿಗ್ನಲ್ ಒಮ್ಮೆ ಮಹಾರಾಷ್ಟ್ರದ ಟವರಿನದು, ಒಮ್ಮೆ ಯಾವುದೂ ಇಲ್ಲ. ವಿಡಿಯೊಕ್ಕಿಂತ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಐದು ನಿಮಿಷದ ಧ್ವನಿ ಪಾಠ ಹೆಚ್ಚು ಜನಕ್ಕೆ ಮುಟ್ಟುತ್ತದೆ. ರೊಟ್ಟಿ ಬಡಿಯುತ್ತಲೇ ಕೇಳಬಹುದು, ಓದು ಬಾರದವರೂ ಕೇಳಬಹುದು. ನೇರ ತರಗತಿ ಇಟ್ಟರೆ ರಾತ್ರಿ ಊಟದ ನಂತರ, ಅದೂ ಮುಕ್ಕಾಲು ಗಂಟೆ ಮೀರದಂತೆ. ಸೋಯಾ ರಾಶಿಯ ದಿನಗಳಲ್ಲಿ ಇಡಲೇಬೇಡಿ.

7. ಯಾವ ಮಾತಿನಲ್ಲಿ ಸಮಾಧಾನ

ಡಾಬಕಾ ಕಡೆಯ ಮನೆಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು ಒಂದೇ ದಿನದಲ್ಲಿ ಒಂದೇ ಬಾಯಲ್ಲಿ ಓಡಾಡುತ್ತವೆ. ಲಂಬಾಣಿ ತಾಂಡಾಗಳಲ್ಲಿ ಮತ್ತೊಂದು ಮಾತು. ಈಗ ನಿಮ್ಹಾನ್ಸ್‌ನಲ್ಲಿರುವ ನರತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ತಂಡ ಹೈದರಾಬಾದಿನಲ್ಲಿ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿ ನಮ್ಮ ಸೀಮೆಗೆ ತುಂಬಾ ಹತ್ತಿರದ್ದು: ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಶಿಯಾ ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ ಈ ಅಂತರ ಇತ್ತು.

ಕಾಯಿಲೆ ಬೆಳೆದಂತೆ ಹಲವರು ತಾವು ಆಮೇಲೆ ಕಲಿತ ಮಾತನ್ನು ಬಿಟ್ಟು ತೊಟ್ಟಿಲಿನ ಮಾತಿಗೆ ಮರಳುತ್ತಾರೆ. ಉದಗೀರ ಕಡೆಯಿಂದ ಸೊಸೆಯಾಗಿ ಬಂದು ಅರವತ್ತು ವರ್ಷ ಕನ್ನಡದಲ್ಲಿ ಬಾಳಿದ ಆಯಿ ಒಂದು ದಿನ ಮರಾಠಿಯಲ್ಲಷ್ಟೇ ಉತ್ತರಿಸತೊಡಗುತ್ತಾರೆ. ಮೊಮ್ಮಕ್ಕಳಿಗೆ ಅದು ತಿಳಿಯದು. ನಾಲ್ಕು ಮಾತು ಮರಾಠಿ ಕಲಿಯಿರಿ ಎಂದು ಮೊಮ್ಮಕ್ಕಳಿಗೇ ಹೇಳಿ. ಪಾಠ ಬರೆಯುವವರೂ ಬೆಂಗಳೂರಿನ ಗ್ರಂಥಭಾಷೆಯನ್ನು ಇಲ್ಲಿಗೆ ಕಳಿಸಬಾರದು. ‘ಸಂಜ್ಞಾನಾತ್ಮಕ ನ್ಯೂನತೆ’ ಎಂದರೆ ಆಶಾ ಅಕ್ಕಂದಿರೇ ಫೋನ್ ಇಟ್ಟುಬಿಡುತ್ತಾರೆ.

8. 1948ರ ಹೆದರಿಕೆ

ತೊಂಬತ್ತರ ಹತ್ತಿರದ ಹಿರಿಯರಲ್ಲಿ ಕೆಲವರು ರಾತ್ರಿ ಎದ್ದು ಬಾಗಿಲು ಹಾಕಿಸುತ್ತಾರೆ, ದೀಪ ಆರಿಸಲು ಹೇಳುತ್ತಾರೆ, ‘ಬಂದ್ರು, ಬಂದ್ರು’ ಎನ್ನುತ್ತಾರೆ. ಕಿರಿಯ ಕಾರ್ಯಕರ್ತೆಯರು ಇದನ್ನು ಹುಚ್ಚು ಎನ್ನುತ್ತಾರೆ, ಮನೆಯವರು ಗಾಳಿ ಸೋಕಿದೆ ಎನ್ನುತ್ತಾರೆ. ಅವರ ಬಾಲ್ಯ ಯಾವುದೆಂದು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮೊದಲು ರಜಾಕಾರರ ಹಾವಳಿ, ಬಳಿಕ ಮುಸ್ಲಿಂ ಮನೆಗಳ ಮೇಲೆ ನಡೆದ ಹಿಂಸೆ: ಬೀದರ ಸೀಮೆಯಲ್ಲಿ ಎರಡೂ ಕಡೆಯ ಮಕ್ಕಳು ಕಣಜದ ಹಿಂದೆ ಅಡಗಿ ರಾತ್ರಿ ಕಳೆದಿದ್ದಾರೆ. ಈಚಿನ ನೆನಪು ಕಳಚಿದಾಗ ಆ ರಾತ್ರಿ ಮೇಲೆ ಬರುತ್ತದೆ. ‘ಯಾರೂ ಇಲ್ಲ, ಮಲ್ಕೊ’ ಎಂದರೆ ಹೆದರಿಕೆ ಹೋಗುವುದಿಲ್ಲ. ಕದದ ಚಿಲಕ ಅವರ ಕೈಯಿಂದಲೇ ಹಾಕಿಸಿ, ಪಕ್ಕದಲ್ಲಿ ಕೂತು ‘ನಾ ಇದ್ದೀನಿ’ ಎನ್ನಬೇಕು. ನಮ್ಮ ಸೀಮೆಯ ಆರೋಗ್ಯ ಕಾರ್ಯಕರ್ತೆಯರ ಪಾಠದಲ್ಲಿ ಈ ಚರಿತ್ರೆಗೆ ಅರ್ಧ ಗಂಟೆ ಮೀಸಲಿಡಬೇಕೆಂದು ನಾನು ಹಟ ಹಿಡಿದಿದ್ದೇನೆ.

9. ಆಯಿಯ ವಿಡಿಯೊ ಗುಂಪಿಗೆ ಬೇಡ

ಕಲಿಯುವ ಉತ್ಸಾಹದಲ್ಲಿ ಹಿರಿಯರು ಬಟ್ಟೆ ಕಳಚುವ, ಬೈಯುವ ವಿಡಿಯೊ ತೆಗೆದು ಗುಂಪಿಗೆ ಹಾಕುವವರಿದ್ದಾರೆ. ಅದು ಊರೆಲ್ಲ ಸುತ್ತುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017 ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತದೆ. ವೈದ್ಯರಿಗೆ ತೋರಿಸಲೇಬೇಕಿದ್ದರೆ ಅವರೊಬ್ಬರಿಗೆ ಕಳಿಸಿ, ಆಮೇಲೆ ಅಳಿಸಿ. ನನ್ನ ತರಗತಿಯ ಮೊದಲ ನಿಯಮ ಇದು.

10. ನಿದ್ದೆ ಗುಳಿಗೆ

ರಾತ್ರಿ ನಿದ್ದೆಯಿಲ್ಲದೆ ಸೋತ ಮನೆಯವರು ಔಷಧಿ ಅಂಗಡಿಯಿಂದ ಗುಳಿಗೆ ತಂದು ಕೊಡುತ್ತಾರೆ. ಅವರ ಸಂಕಟ ನನಗೆ ಗೊತ್ತು. ಆದರೆ ನಿದ್ದೆ ಮಾತ್ರೆಯಿಂದ ಹಿರಿಯರು ಬೀಳುತ್ತಾರೆ, ಗೊಂದಲ ಹೆಚ್ಚುತ್ತದೆ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳಿಂದ ಡಿಮೆನ್ಶಿಯಾ ಇರುವವರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಏರುತ್ತದೆ. ವೈದ್ಯರು ಬರೆದುಕೊಟ್ಟರೂ ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ದ ಮಂಗಳವಾರ ಯಾವುದೆಂದು ಮೊದಲೇ ವಿಚಾರಿಸಿಕೊಂಡು ಹೋಗಿ.

11. ನೋಡಿಕೊಳ್ಳುವವಳ ಮೈ

ಜಗತ್ತಿನಲ್ಲಿ ಡಿಮೆನ್ಶಿಯಾ ರೋಗಿಗಳ ಆರೈಕೆಗೆ ಸಲ್ಲುವ ಗಂಟೆಗಳಲ್ಲಿ ಶೇ 70ರಷ್ಟು ಹೆಂಗಸರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀದರದಲ್ಲಿ ಅದು ಇನ್ನೂ ಹೆಚ್ಚೇ ಇದ್ದೀತು. ಆಶಾ ಆ ಮನೆಗೆ ಹೋದಾಗ ಸೊಸೆಯ ಬಿಪಿಯನ್ನೂ ನೋಡಬೇಕು, ಆಕೆ ರಾತ್ರಿ ಎಷ್ಟು ಹೊತ್ತು ಮಲಗಿದಳು ಎಂದು ಕೇಳಬೇಕು. ಮನಸ್ಸು ತೀರಾ ಕುಸಿದಾಗ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸೇವೆ ಕನ್ನಡದಲ್ಲೂ ಸಿಗುತ್ತದೆ, ಹಣ ಇಲ್ಲ.

ಆದರೆ ಫೋನಿನಿಂದ ಎರಡು ಗಂಟೆಯ ಬಿಡುವು ಕೊಡಲಾಗದು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್‌ನಂಥ ಸಂಸ್ಥೆಗಳು ನಡೆಸುವ ಹಗಲು ಆರೈಕೆ ನಮ್ಮ ಗಡಿ ಹಳ್ಳಿಗಳವರಿಗೆ ಕನಸು. ಔರಾದದಲ್ಲಿ, ಭಾಲ್ಕಿಯಲ್ಲಿ, ಡಾಬಕಾದಲ್ಲಿ ಒಂದೊಂದು ಸಮುದಾಯ ಭವನದ ಕೋಣೆಯನ್ನು ವಾರಕ್ಕೆ ಎರಡು ಮಧ್ಯಾಹ್ನ ಬಿಟ್ಟುಕೊಟ್ಟರೆ ಸಾಕು. ಶೌಚಾಲಯ ಹತ್ತಿರವಿರಬೇಕು, ಹೊಸ್ತಿಲು ಎತ್ತರ ಇರಬಾರದು, ಗೇಟಿಗೆ ಚಿಲಕ ಇರಬೇಕು. ಕೋರ್ಸ್ ಮುಗಿಸಿದ ಆಶಾ ಕಾರ್ಯಕರ್ತೆಯರು ಮತ್ತು ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡು ಈಗ ಬಿಡುವಾಗಿರುವ ಕೆಲವು ಸೊಸೆಯಂದಿರು ಅಲ್ಲಿ ಕೂರಲು ಸಿದ್ಧರಿದ್ದಾರೆ. ಆ ಮಧ್ಯಾಹ್ನಗಳಿಗೆ ಅವರಿಗೆ ಗೌರವಧನ ಸಿಗಬೇಕು, ಅದನ್ನು ಪಂಚಾಯಿತಿಗಳು ತಮ್ಮ ಮುಂದಿನ ಸಭೆಯಲ್ಲಿ ತೀರ್ಮಾನಿಸಬೇಕು.